ಅಯ್ಯಮ್ಮನ ತಾಟು

೧೪ ನವೆಂಬರ್ ೧೯೭೮, ಮಾನ್ವಿ

ಬೆಳಿಗ್ಗೆ. ಬಣ್ಣ ಹಸಿರು. ನೀಲಿ ಇನ್ನೂ ಬಂದಿಲ್ಲ, ಆದರೆ ಇಟ್ಟಿಗೆ ಕೆಂಪಂತೂ ಅಲ್ಲ. ಹೋದ ತಿಂಗಳು ಇದೇ ಗಾಜಿನ ಕೊಳವೆಯಲ್ಲಿ, ಸಕ್ಕರೆ ಎಷ್ಟಿದೆ ನೋಡಲು, ಮೂತ್ರಕ್ಕೆ ಆ ನೀಲಿ ಔಷಧಿ ಹಾಕಿ ಕಾಸಿದರೆ ಭಟ್ಟಿಯಿಂದ ಆಗ ತಾನೇ ತೆಗೆದ ಇಟ್ಟಿಗೆ. ಈಗ ಹಸಿರು. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ ಮೂಗು ಮುಚ್ಚಿಕೊಂಡಳು.

"ಲೇ ಹನುಮ್ಯಾ, ಮುಂಜಾನೆದ್ದು ಉಚ್ಚಿ ಕಾಸೋ ಗಂಡಸನ್ನ ನಾ ಎಲ್ಲೀ ನೋಡಿಲ್ಲ ನೋಡಪಾ."

ಹೆಂಡತಿ ಅಯ್ಯಮ್ಮ ಒಲೆ ಮುಂದೆ ಬಾಯಿಗೆ ಸೆರಗು ಇಟ್ಟು ನಕ್ಕಳು. ನಗಲಿ. ರಾಯಚೂರಿನ ಡಾಕ್ಟರಮ್ಮ, ಉಮ್ಮೇ ಕುಲ್ಸುಮ್ ಅಂತ, ಹೇಳಿದ್ದು ಇಷ್ಟೇ — ಅನ್ನ ಬಿಡ್ರಿ, ಸಕ್ಕರಿ ಬಿಡ್ರಿ, ರೊಟ್ಟಿ ತಿನ್ರಿ. ಇಷ್ಟು ಹೇಳಲು ಹೈದರಾಬಾದಿಗೆ ಹೋಗಿ ಓದಬೇಕಿತ್ತೆ? ನಮ್ಮ ಮುತ್ಯಾನನ್ನು, ಅಪ್ಪನ ಅಪ್ಪನನ್ನು, ಕೇಳಿದ್ದರೆ ಹೇಳುತ್ತಿದ್ದ. ತೊಂಬತ್ತು ದಾಟಿದ್ದ. ಹಲ್ಲು ಒಂದೂ ಬಿದ್ದಿರಲಿಲ್ಲ. ದೇವದುರ್ಗದ ಕಡೆ ಕುರಿ ಹಿಂದೆ ನಡೆದು ನಡೆದೇ ಸತ್ತ. ಜೋಳ ಬಿಟ್ಟು ಬೇರೆ ಕಾಳು ಮುಟ್ಟಿದವನಲ್ಲ.

ನನ್ನ ಕೆಲಸವೇ ನಗೆಪಾಟಲು. ಕಾಲುವೆ ಆಫೀಸಿನಲ್ಲಿ ಗುಮಾಸ್ತ. ನಾವು ನೀರು ಬಿಟ್ಟೆವು. ಜೋಳದ ಹೊಲಗಳೆಲ್ಲ ಗದ್ದೆಯಾದವು. ಊರಿಗೆ ಊರೇ ಅನ್ನ ಉಣ್ಣಲು ಕಲಿಯಿತು. ನನಗೆ ಸಕ್ಕರೆ ಬಂತು. ಮಾಡಿದ್ದುಣ್ಣೋ ಮಹಾರಾಯ.

ಇವತ್ತಿನಿಂದ ಮನೆಯಲ್ಲಿ ಅಕ್ಕಿ ಬಂದ್. ನನಗೊಬ್ಬನಿಗಲ್ಲ, ಎಲ್ಲರಿಗೂ. ಅವರಿಗೂ ಬರುವುದು ಬೇಡ ಈ ರೋಗ.

೩ ಡಿಸೆಂಬರ್

ನೂರ್ ಬೀ ಮನೆಯ ಎಮ್ಮೆ ಹಾಲು ತರುವುದನ್ನೂ ನಿಲ್ಲಿಸಿದೆ. ಪಕ್ಕದ ಮನೆ, ಇಷ್ಟು ವರ್ಷದ ವರ್ತನೆ, ಆಕೆಗೆ ಬೇಜಾರಾಯಿತು. ಆಗಲಿ. ನಮ್ಮ ವಂಶದವರು ಕುಡಿದದ್ದು ಕುರಿ ಹಾಲು. ಎಮ್ಮೆ ಹಾಲು ನಮ್ಮ ಮೈಗೆ ಹೊಸದು. ಚಹಾ ಅಂತೂ ನಿನ್ನೆ ಮೊನ್ನೆ ಬಂದದ್ದು. ಮಕ್ಕಳಿಗೆ ಮಾತ್ರ ಒಂದೊಂದು ಲೋಟ ಇರಲಿ ಎಂದು ಅವ್ವ ಹಟ ಹಿಡಿದಳು. ಒಪ್ಪಿದೆ.

ಅಯ್ಯಮ್ಮನನ್ನು ಕೇಳಿದೆ, ಚಹಾ ಇಲ್ಲದೆ ನಡೆಯುತ್ತದೋ ಇಲ್ಲವೋ ಎಂದು. "ನಡೀತದ ತಗೋರಿ. ನಮಗೇನ್ ಆಗ್ಯಾದ," ಅಂದಳು. ಇವಳಂಥ ಹೆಂಡತಿ ಆಫೀಸಿನಲ್ಲಿ ಯಾರಿಗಿದ್ದಾಳೆ.

೨೧ ಜನವರಿ ೧೯೭೯

ನೀಲಿ. ಅಪ್ಪಟ ನೀಲಿ. ಆಕಾಶದ ಬಣ್ಣ. ಕೊಳವೆ ಹಿಡಿದು ಅವ್ವನಿಗೆ ತೋರಿಸಲು ಹೋದೆ, ಓಡಿದಳು.

ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ಊಟ ಬಲ್ಲವನಿಗೆ ರೋಗವಿಲ್ಲ. ವೆಂಕಣ್ಣ — ನಮ್ಮ ಹೆಡ್ ಕ್ಲರ್ಕ್, ಅನ್ನ ಸಾರು ಇಲ್ಲದಿದ್ದರೆ ಕಣ್ಣೇ ಬಿಡದ ಮನುಷ್ಯ — "ಹನುಮಂತ್ರಾಯ, ನಿಮ್ ಮುತ್ಯಾ ಅರಿವಿ ಸೈತ ಹಾಕ್ಕೊಂತಿರಲಿಲ್ಲೇನ್ರೀ? ನೀವ್ಯಾಕ ಪ್ಯಾಂಟ್ ಹಾಕ್ಕೊಂಡು ಬರ್ತೀರಿ?" ಎಂದ. ಎಲ್ಲರೂ ನಕ್ಕರು. ನಗುವವರ ಮುಂದೆ ಎಡವಬಾರದು, ಅಷ್ಟೇ. ನಾನು ಎಡವುವುದಿಲ್ಲ.

ರಾತ್ರಿ ಊಟ ಎಷ್ಟು ರುಚಿ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಗಟ್ಟಿ ಬೇಳೆ, ಶೇಂಗಾ ಹಿಂಡಿ. ಅಯ್ಯಮ್ಮ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೇ ಹಸಿವಾಗುತ್ತದೆ. ಮೊದಲು ನಾನು, ಆಮೇಲೆ ಮಕ್ಕಳು, ಅವ್ವ. ಎಲ್ಲರದೂ ಮುಗಿದ ಮೇಲೆ ಅವಳು, ಒಳಗೆ, ನನ್ನ ತಾಟಿನಲ್ಲಿ. ನಮ್ಮಲ್ಲಿ ಹಾಗೆ. ಅವಳ ಅವ್ವನೂ ಹಾಗೆ, ನನ್ನ ಅವ್ವನೂ ಹಾಗೆ. ಗಂಡ ಉಂಡ ತಾಟಿನಲ್ಲಿ ಉಂಡರೇ ಅವರಿಗೆ ಉಂಡಂತೆ. ತಾಟು ಮಾತ್ರ ನಾನು ಬೆರಳಿನಿಂದ ಒರೆಸಿ ಬಿಡುತ್ತೇನೆ. ಅನ್ನ ಬಿಟ್ಟ ಮೇಲೆ ಹಸಿವು ಭಾರಿ.

೯ ಆಗಸ್ಟ್ ೧೯೭೯

ಬಹಳ ದಿನ ಬರೆದಿಲ್ಲ. ಕಾಲುವೆಗೆ ನೀರು ಬಿಡುವ ಹೊತ್ತು. ಕೊನೆ ಭಾಗದವರು ಆಫೀಸಿಗೆ ಬಂದು ಬೈಯುವುದು, ನಾವು ತಲೆ ಆಡಿಸುವುದು.

ಇವತ್ತು ಮಧ್ಯಾಹ್ನ ಕಾಗದ ಮರೆತು ಮನೆಗೆ ಬಂದೆ. ಅಯ್ಯಮ್ಮ ನೂರ್ ಬೀ ಮನೆಯ ಹಿತ್ತಲಲ್ಲಿ ಕೂತಿದ್ದಳು, ಕೈಯಲ್ಲಿ ಬಟ್ಟಲು. ಅನ್ನ. ಮೇಲೆ ಹುಳಿ ಬೇಳೆ. ಒಂದು ತುಂಡು ಬಾಡು ಕೂಡ. ನನ್ನನ್ನು ನೋಡಿ ಬಟ್ಟಲು ಹಿಂದೆ ಸರಿಸಿದಳು. ಬಾಯಿ ಒರೆಸಿಕೊಂಡಳು.

ಮೈಯೆಲ್ಲ ಉರಿಯಿತು. ದಿನಾ ನಡೆಯುತ್ತಿತ್ತಂತೆ. ಮನೆಗೆ ಕರೆದು ಬೈದೆ. ಏನೇನೋ ಅಂದೆ. ನಾನು ಊರಿಗೆಲ್ಲ ಹೇಳಿಕೊಂಡು ತಿರುಗಬೇಕು, ನನ್ನ ಹೆಂಡತಿ ಕದ್ದು ಅನ್ನ ತಿನ್ನಬೇಕು.

ನೂರ್ ಬೀ ಗೋಡೆಯ ಆ ಕಡೆಯಿಂದ, "ಭಾಯ್, ಆಕೀನ್ನ ಬೈಬ್ಯಾಡ್ರಿ. ನಾನೇ ಕರದೀನಿ. ಬಾಯಿ ಉರೀತದಂತ ಆಕೀದು. ರೊಟ್ಟಿ ಖಾರ ಹೋಗವಲ್ದಂತ. ಮೆತ್ತಗಂದು ಕೊಟ್ಟೀನಿ," ಅಂದಳು.

ಬಾಯಿ ಉರಿ ಅಂತೆ. ನೆಪ. ಇನ್ನು ಮೇಲೆ ಆ ಮನೆ ಹೊಸ್ತಿಲು ತುಳಿಯಬೇಡ ಎಂದೆ. ಅಯ್ಯಮ್ಮ ಹೂಂ ಅಂದಳು. ಅಷ್ಟೇ.

೨೮ ಅಕ್ಟೋಬರ್

ಅಯ್ಯಮ್ಮನ ಕೈ ಕಪ್ಪಾಗಿವೆ. ಬಳೆ ಇರುವಲ್ಲಿಯವರೆಗೆ, ಗೆರೆ ಎಳೆದ ಹಾಗೆ. ಮೇಲೆ ಒರಟು, ಬಿರುಕು. ಬಿಸಿಲಿಗೆ ಸಗಣಿ ಕುಳ್ಳು ತಟ್ಟುತ್ತಾಳೆ, ಅದಕ್ಕೇ ಇರಬೇಕು. ಕೊಬ್ಬರಿ ಎಣ್ಣೆ ಹಚ್ಚಿಕೋ ಎಂದೆ. ಮಾತು ಕಡಿಮೆಯಾಗಿದೆ. ಕರೆದರೆ ಎರಡನೇ ಸಲಕ್ಕೆ ಓಗೊಡುತ್ತಾಳೆ.

ನನ್ನ ಬಣ್ಣ ನೀಲಿ.

೨ ಜನವರಿ ೧೯೮೦

ಕುತ್ತಿಗೆಗೂ ಬಂದಿದೆ. ಸುತ್ತಲೂ ಒಂದು ಕಪ್ಪು ಪಟ್ಟಿ, ಸರ ಹಾಕಿಕೊಂಡ ಹಾಗೆ. ವಾರದಿಂದ ಭೇದಿ. ದಿನಕ್ಕೆ ಎಷ್ಟೋ ಸಲ ಚೊಂಬು ಹಿಡಿದು ಹೋಗುತ್ತಾಳೆ. ಮೈ ಇಳಿದಿದೆ. ಸೀರೆ ನಿಲ್ಲುತ್ತಿಲ್ಲ ಸೊಂಟದಲ್ಲಿ.

ಹೊಟ್ಟೆ ಕೆಟ್ಟಾಗ ಬರೀ ರೊಟ್ಟಿ ನೀರಲ್ಲಿ ನೆನೆಸಿ ಕೊಡಬೇಕು. ಬೇಳೆ ಜಡ, ಎಣ್ಣೆ ಜಡ. ಮುತ್ಯಾ ಹಾಗೇ ಮಾಡುತ್ತಿದ್ದ. ಹಾಗೇ ಕೊಡು ಎಂದು ಅವ್ವನಿಗೆ ಹೇಳಿದ್ದೇನೆ.

ಇವತ್ತು ಪಲ್ಯಕ್ಕೆ ಉಪ್ಪು ಎರಡೆರಡು ಸಲ ಹಾಕಿದಳು. ಏನೂ ಅನ್ನಲಿಲ್ಲ ನಾನು. ತಿಂದು ಎದ್ದೆ. ಅವಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಯಾಕೆ ಎಂದರೆ ಗೊತ್ತಿಲ್ಲವಂತೆ.

೧೯ ಜನವರಿ

ನಲ್ಲಿಯಲ್ಲಿ ಇವಳ ಕೊಡ ಬಂದರೆ ಉಳಿದವರು ತಮ್ಮ ಕೊಡ ಸರಿಸುತ್ತಾರಂತೆ. ಮಗಳು ಬಂದು ಹೇಳಿದಳು. ಕೈ ನೋಡಿ, ಬೆರಳು ಉದುರುವ ಆ ದೊಡ್ಡ ರೋಗ ಎನ್ನುತ್ತಾರೆ. ಆ ಹೆಸರು ನಾನೂ ಒಳಗೊಳಗೆ ಅಂದುಕೊಂಡಿದ್ದೆ. ಅಂದುಕೊಂಡೆ ಎಂದು ಇಲ್ಲಿ ಬರೆಯಲು ಕೂಡ ಭಯ.

ನೂರ್ ಬೀ ಮಾತ್ರ ಬಂದು ಅವಳ ಕೈ ತನ್ನ ಕೈಯಲ್ಲಿ ಹಿಡಿದು ನೋಡಿದಳು. "ಇದು ಆ ಬ್ಯಾನಿ ಅಲ್ಲ ಭಾಯ್. ಚುಚ್ಚಿದ್ರ ನೋಯ್ತದ ಆಕೀಗಿ. ದವಾಖಾನಿಗಿ ಒಯ್ರಿ."

ಒಯ್ಯಬೇಕು. ಈ ವಾರ ನೀರಿನ ಸರದಿ. ರಜೆ ಸಿಗುವುದಿಲ್ಲ.

೫ ಫೆಬ್ರವರಿ

ಅವಳ ಅಣ್ಣ ಕನಕಪ್ಪ ದೇವದುರ್ಗದಿಂದ ಬಂದ. ಇನ್ನೂ ಕುರಿ ಕಾಯುತ್ತಾನೆ, ಹೆಗಲ ಮೇಲೆ ಕಂಬಳಿ, ಮೈಯೆಲ್ಲ ಕುರಿ ವಾಸನೆ. ತಂಗಿಯನ್ನು ನೋಡಿ ಬಾಗಿಲಲ್ಲೇ ನಿಂತ. ಒಳಗೆ ಬರಲಿಲ್ಲ ಸ್ವಲ್ಪ ಹೊತ್ತು.

"ಮಾಮಾ, ಈಕಿ ನಮ್ ಅಯ್ಯಮ್ಮನಾ?"

ನೀರಮಾನ್ವಿ ಎಲ್ಲಮ್ಮನಿಗೆ ಹರಕೆ ಬಾಕಿ ಇದೆ, ಅದಕ್ಕೇ ಹೀಗೆ ಎಂದ. ನಾನು ಇಂಥದ್ದೆಲ್ಲ ನಂಬುವವನಲ್ಲ. ಆದರೂ ಮಂಗಳವಾರ ಚಕ್ಕಡಿ ಕಟ್ಟಿಸಿಕೊಂಡು ಹೋದೆವು. ಮುಳುಗುವವನಿಗೆ ಹುಲ್ಲುಕಡ್ಡಿ. ಭಂಡಾರ ಹಚ್ಚಿಸಿದೆವು. ಅವಳು ಗುಡಿಯ ಮುಂದೆ ಕೂತು ಬಿಸಿಲಲ್ಲಿ ಕೈ ಮುಚ್ಚಿಕೊಂಡಳು. ಬಿಸಿಲು ಸುಡುತ್ತದಂತೆ, ಬೆಂಕಿ ಇಟ್ಟ ಹಾಗೆ.

ಬರುವಾಗ ಕನಕಪ್ಪ ಕೇಳಿದ, "ಉಣ್ಣಾಕ ಏನ್ ಕೊಡ್ತೀರಿ ಈಕೀಗಿ?" ನಾವು ಉಂಡದ್ದೇ ಎಂದೆ. ಮತ್ತೇನು ಹೇಳಲಿ.

೧೧ ಮಾರ್ಚ್

ಒದ್ದೆ ಬಟ್ಟೆಯಲ್ಲೇ ಕೂತಿದ್ದೇನೆ. ಬರೆಯುತ್ತೇನೆ.

ಬೆಳಗಿನ ಜಾವ ಹಾಸಿಗೆ ಖಾಲಿ. ಹಿತ್ತಲು ನೋಡಿದೆ, ಬಯಲು ನೋಡಿದೆ. ಇಲ್ಲ. ಬಾಗಿಲು ತೆರೆದೇ ಇತ್ತು. ಬೆಳಕು ಹರಿಯುವ ಹೊತ್ತಿಗೆ ಕಾಲುವೆ ಕಾಯುವ ಅಯ್ಯಪ್ಪ ಓಡಿ ಬಂದ. "ಸಾಹೇಬ್ರ, ನಿಮ್ ಮನ್ಯಾಗಿನ ಅಕ್ಕ ಕಾಲುವಿ ಒಳಗ ಇಳದು ನಿಂತಾರ."

ಎದೆಮಟ್ಟ ನೀರು. ನಮ್ಮ ಇಲಾಖೆ ಬಿಟ್ಟ ನೀರು. ನಡುವೆ ಅಯ್ಯಮ್ಮ. ಕೈ ಬೀಸಿ ಬೀಸಿ ಕರೆಯುತ್ತಿದ್ದಳು. "ಕುರಿ ಹೊಳ್ಳಸ್ರಿ... ಮೈ ತೊಳಿಬೇಕು... ತುಪ್ಪಟ ಕತ್ತರಿಸಾಕ ಬಂದಾರ." ಕುರಿ ಇಲ್ಲ. ಯಾರೂ ಬಂದಿಲ್ಲ. ಅಯ್ಯಪ್ಪನೂ ನಾನೂ ಇಳಿದು ಹಿಡಿದೆವು. ನನ್ನ ಗುರುತು ಹಿಡಿಯಲಿಲ್ಲ. "ಯಾರಪಾ ನೀ, ಯಾರ ಹಟ್ಟ್ಯಾಂವ?" ಎಂದು ಕೇಳಿದಳು. ಹದಿನಾರು ವರ್ಷ ಬಾಳುವೆ ಮಾಡಿದ ಹೆಂಡತಿ ನನ್ನನ್ನು ಯಾರ ಹಟ್ಟಿಯವನೆಂದು ಕೇಳಿದಳು.

ಇವತ್ತೇ ಹತ್ತು ಗಂಟೆ ಬಸ್ಸಿಗೆ ರಾಯಚೂರು. ಸರದಿ ಹಾಳಾಗಿ ಹೋಗಲಿ. ಕಾಲುವೆ ಒಣಗಿ ಹೋಗಲಿ.

೧೧ ಮಾರ್ಚ್, ಸಂಜೆ. ರಾಯಚೂರು, ದವಾಖಾನೆ

ಅದೇ ಡಾಕ್ಟರಮ್ಮ. ಅವ್ವನೂ ಬಂದಿದ್ದಾಳೆ. ಮಕ್ಕಳು ನೂರ್ ಬೀ ಹತ್ತಿರ.

ಕೈ ನೋಡಿದರು. ಕುತ್ತಿಗೆ ನೋಡಿದರು. ನಾಲಿಗೆ ತೆಗೆಯಿಸಿದರು. ಕೆಂಪಗೆ ಸುಲಿದ ಹಸಿ ಮಾಂಸದಂತೆ ಇತ್ತು. ನಾನು ಮೊದಲ ಸಲ ನೋಡಿದ್ದು. ಬಾಯಿ ಉರಿ ಎಂದರೆ ನೆಪ ಎಂದಿದ್ದೆನಲ್ಲ.

"ಏನ್ ಊಟ ಮಾಡ್ತಾರ್ರೀ ಇವರು?"

"ನಾವು ಮಾಡಿದ್ದೇ ಮೇಡಂ. ರೊಟ್ಟಿ, ಪಲ್ಯ, ಬ್ಯಾಳಿ. ನೀವೇ ಹೇಳಿದ್ರಲ್ಲ, ಅನ್ನ ಬಿಡ್ರಿ ಅಂತ. ಮನಿಯೆಲ್ಲ ಬಿಟ್ಟೀವಿ."

ಅವರು ನನ್ನ ಮುಖ ನೋಡಿದರು. "ನಾ ನಿಮಗ ಹೇಳಿದ್ದೆ. ಮನಿಗೆಲ್ಲ ಹೇಳಿರಲಿಲ್ಲ."

ಆಮೇಲೆ ಅವ್ವನ ಕಡೆ ತಿರುಗಿದರು. "ಅಮ್ಮಾ, ಸೊಸಿ ರೊಟ್ಟಿ ಜೋಡಿ ಏನ್ ತಿಂತಾಳ?"

ಅವ್ವ ಸೊಸೆಯ ಕಡೆ ನೋಡಿ ಅಂದಳು, "ಕಡೀಕ ಕುಂಡ್ರೋದು ಆಕಿ... ಏನ್ ಉಳಿತದ ಅದು. ಬ್ಯಾಳಿ ಅಂತೂ ಗಡಗೀಗಿ ಹತ್ತಿದ್ದು. ಬಾಯಿ ಸುಟ್ಟಾಗಿಂದ ಖಾರನೂ ಇಲ್ಲ. ರೊಟ್ಟಿ ನೀರಾಗ ಅದ್ದಿ..."

"ಹಾಲು?" ಇಲ್ಲ. "ತತ್ತಿ, ಬಾಡು?" ಹಬ್ಬಕ್ಕೆ. ಅದೂ ಗಂಡಸರಿಗೆ, ಮಕ್ಕಳಿಗೆ ಆದ ಮೇಲೆ.

"ನೀವು ನೋಡೀರೇನ್ರೀ ಇವರು ಉಣ್ಣೋದು?" — ನನ್ನನ್ನು.

ಇಲ್ಲ. ಒಂದು ದಿನವೂ ಇಲ್ಲ. ಮದುವೆಯಲ್ಲಿ ಒಬ್ಬರ ಬಾಯಿಗೆ ಒಬ್ಬರು ತುತ್ತು ಇಟ್ಟದ್ದು ಬಿಟ್ಟರೆ, ನನ್ನ ಹೆಂಡತಿ ಉಣ್ಣುವುದನ್ನು ನಾನು ನೋಡಿಯೇ ಇಲ್ಲ. ನೂರ್ ಬೀ ಹಿತ್ತಲಲ್ಲಿ ನೋಡಿದ್ದೆ. ಆಗ ಆ ಬಟ್ಟಲನ್ನೂ ತಪ್ಪಿಸಿದೆ.

ರೋಗದ ಹೆಸರು ಪೆಲಾಗ್ರ. ಓದುವಾಗ ಹೈದರಾಬಾದಿನಲ್ಲಿ ವಾರ್ಡ್ ತುಂಬ ಇಂಥವರೇ ಇದ್ದರಂತೆ, ಎಲ್ಲ ನಮ್ಮ ಕಡೆಯ ಜೋಳ ತಿನ್ನುವ ಬಡವರು. ಮೊದಲು ಚರ್ಮ, ಆಮೇಲೆ ಹೊಟ್ಟೆ, ಆಮೇಲೆ ಬುದ್ಧಿ. ಆಮೇಲೆ ಏನು ಎಂದು ಕೇಳಿದೆ. ಅವರು ಔಷಧಿ ಚೀಟಿ ಬರೆಯತೊಡಗಿದರು.

ಸಿಟ್ಟು ಬಂತು. ಯಾರ ಮೇಲೋ. "ನಮ್ ಮುತ್ಯಾ ತೊಂಬತ್ತು ವರ್ಷ ಜೋಳನೇ ತಿಂದ್ರಿ. ಜೋಳ ಕೆಟ್ಟದ್ದಂತೀರೇನು?"

"ಜೋಳ ಕೆಟ್ಟದ್ದಲ್ರೀ. ಒಂಟಿ ಜೋಳ ಕೆಟ್ಟದ್ದು."

೧೨ ಮಾರ್ಚ್

ಹೆಂಗಸರ ವಾರ್ಡು. ಹಗಲು ಒಳಗೆ ಬಿಡುತ್ತಾರೆ, ರಾತ್ರಿ ನಾನು ವರಾಂಡದಲ್ಲಿ. ಗುಳಿಗೆ ಕೊಟ್ಟಿದ್ದಾರೆ, ದಿನಕ್ಕೆ ಮೂರು ಹೊತ್ತು. ಹಾಲು, ತತ್ತಿ, ಶೇಂಗಾ ಕೊಡಿರಿ ಎಂದಿದ್ದಾರೆ. ಎರಡು ಮೂರು ದಿನದಲ್ಲೇ ನಾಲಿಗೆ ಮಾಗುತ್ತದಂತೆ.

ಅವ್ವ ಸಂಜೆ ಬಸ್ಸಿಗೆ ಮಾನ್ವಿಗೆ ಹೋದಳು. ಹೋಗುವ ಮುಂಚೆ ಬಸ್ ಸ್ಟ್ಯಾಂಡಿನಲ್ಲಿ ಕೂತು ಕೇಳಿದೆ. ಯವ್ವಾ, ನೀನೂ ಕಡೆಗೇ ಉಂಡವಳು. ಅಪ್ಪನ ತಾಟಿನಲ್ಲೇ ಉಂಡವಳು. ನಿನಗ್ಯಾಕ ಬರಲಿಲ್ಲ?

ಬಾಯಲ್ಲಿ ಎಲೆ ಅಡಿಕೆ ಆಡಿಸುತ್ತಿದ್ದಳು.

"ನಾವು ಮನ್ಯಾಗ ಎಲ್ಲಿ ಉಣತಿದ್ವಿ ಅಂದಿ? ಕುರಿ ಹಿಂಡೋ ಮುಂದ ಬೊಗಸಿ ಹಿಡದು ಕುಡದ್ ಬಿಡತಿದ್ವಿ, ಯಾರ ನೋಡ್ತಾರ. ಹೊಲಕ್ಕ ಹೋದ್ರ ಹಸಿ ಕಡ್ಲಿ, ತೊಗರಿಕಾಯಿ, ಶೇಂಗಾ, ಹಕ್ಕರಕಿ ಸೊಪ್ಪು ಕಿತ್ತು ಹಂಗ ಬಾಯಾಗ. ಹಟ್ಟ್ಯಾಗ ಕುರಿ ಸತ್ರ ನಮಗೂ ಪಾಲು. ರೊಟ್ಟಿ ಮನ್ಯಾಗ ತಿಂತಿದ್ವಿ. ಹೊಟ್ಟಿ ಹೊಲದಾಗ ತುಂಬತಿತ್ತು. ಈಕೀಗಿ ಮಾನ್ವ್ಯಾಗ ಹೊಲ ಎಲ್ಲದ, ಕುರಿ ಎಲ್ಲದ? ಬಾಡಿಗಿ ಮನಿ. ಒಲಿ ಬಿಟ್ರ ನಲ್ಲಿ, ನಲ್ಲಿ ಬಿಟ್ರ ಒಲಿ."

"ಗೊತ್ತಿದ್ದೂ ಯಾಕ ಹೇಳಲಿಲ್ಲ?"

"ಗೊತ್ತಿತ್ತು ಅಂತ ನನಗ ಗೊತ್ತಿದ್ರ ಅಲ್ಲೇನೋ ಹೇಳೋದು," ಎಂದು ಅತ್ತಳು.

ಹಿರಿಯರ ಊಟ ಹಿರಿಯರ ಊಟ ಎಂದು ಕುಣಿದೆ. ಊಟದಲ್ಲಿ ಅರ್ಧ ಅಡವಿಯಲ್ಲಿ ಇತ್ತು. ಕುರಿ ಬಿಟ್ಟೆ, ಹೊಲ ಬಿಟ್ಟೆ, ಬಿಸಿಲಲ್ಲಿ ಆ ತಿರುಗಾಟ ಬಿಟ್ಟೆ, ಕುರ್ಚಿ ಮೇಲೆ ಕೂತೆ. ರೊಟ್ಟಿ ಒಂದನ್ನು ಹಿಡಿದುಕೊಂಡು ಬಂದು ಇದೇ ಮುತ್ಯಾ ಎಂದೆ. ಮುತ್ಯಾನ ತೊಂಬತ್ತು ಲೆಕ್ಕ ಹಾಕಿದೆ. ಆಯಿ, ಮುತ್ಯಾನ ಹೆಂಡತಿ, ಎಷ್ಟಕ್ಕೆ ಸತ್ತಳು? ಯಾರಿಗೂ ಗೊತ್ತಿಲ್ಲ. ಅವಳ ಹಲ್ಲು ಎಣಿಸಿದವರೂ ಇಲ್ಲ.

೧೪ ಮಾರ್ಚ್

ಇಳಿಮುಖ ಇಲ್ಲ. ನಾಲಿಗೆ ಹಾಗೇ. ಭೇದಿ ಹಾಗೇ. ಗುಳಿಗೆ ಹೊತ್ತು ಹೊತ್ತಿಗೆ ಅವಳ ಕೈಗೆ ಹಾಕುತ್ತೇನೆ. ಹಾಲು ಕೊಡುತ್ತೇನೆ. ತತ್ತಿ ಸುಲಿದು ಕೊಡುತ್ತೇನೆ. ಕೊಟ್ಟು ವರಾಂಡಕ್ಕೆ ಬರುತ್ತೇನೆ, ನಾನಿದ್ದರೆ ಬಾಯಿ ತೆರೆಯುವುದಿಲ್ಲ ಅವಳು. ಬುದ್ಧಿ ಹೋದರೂ ಅದೊಂದು ಹೋಗಿಲ್ಲ. ಒಳಗೆ ಬಂದಾಗ ತಾಟು ಖಾಲಿ.

ಇವತ್ತು ಗುರುತು ಹಿಡಿದಳು ಒಂದು ಗಳಿಗೆ. "ಮಕ್ಕಳು ಉಂಡಾವೇನ್ರಿ?" ಎಂದಳು. ಮತ್ತೆ ಕುರಿ, ಕುರಿ.

ಇಷ್ಟು ಹೊತ್ತಿಗೆ ತಿಳಿಯಾಗಬೇಕಿತ್ತು ಎನ್ನುತ್ತಾರೆ ಡಾಕ್ಟರಮ್ಮ. ಹಣೆ ಗಂಟಿಕ್ಕಿ ಹೋದರು.

೧೬ ಮಾರ್ಚ್

ಜ್ವರ. ಕೈ ಹಿಡಿದರೆ ಬರೀ ಎಲುಬು. ನಾಡಿ ಸಣ್ಣಗಾಗಿದೆಯಂತೆ. ದೇವರೇ, ಎಲ್ಲಮ್ಮಾ, ಯಾರಿದ್ದೀರೋ ಅವರು — ನನ್ನ ನೀಲಿ ಬಣ್ಣ ತಗೊಂಡು ಇವಳನ್ನು ಕೊಡಿ. ಇಟ್ಟಿಗೆ ಕೆಂಪು ಬರಲಿ. ಕುರುಡಾಗಲಿ ನಾನು. ಕಾಲು ಕೊಳೆಯಲಿ.

೧೭ ಮಾರ್ಚ್

ಇವತ್ತು ಆದದ್ದು.

ನರ್ಸಮ್ಮ ಸೀರೆ ಬದಲಿಸಲು ಬಂದಳು. ಸೆರಗಿನ ತುದಿಯಲ್ಲಿ ಗಂಟು, ದೊಡ್ಡದು. ಬಿಚ್ಚಿ ನನ್ನ ಮುಂದೆ ಹಿಡಿದಳು.

ಗುಳಿಗೆ. ಎಲ್ಲ ಗುಳಿಗೆ. ಮೊದಲ ದಿನದ್ದೂ. ಬೆವರಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅದರ ಜೊತೆ ಶೇಂಗಾ ಕಾಳು, ನಾತ ಹಿಡಿದ ತತ್ತಿಯ ಚೂರು, ಬ್ರೆಡ್ಡಿನ ಪುಡಿ. ಮಂಚದ ಕೆಳಗೆ ಗೋಡೆ ಬದಿಗೆ ಲೋಟ, ಒಡೆದು ಹೋದ ಹಾಲು. ಮೇಲೆ ತಾಟು ಮುಚ್ಚಿ ಇಟ್ಟಿದ್ದಳು. ಅಡುಗೆಮನೆಯಲ್ಲಿ ಮುಚ್ಚಿ ಇಡುತ್ತಾಳಲ್ಲ, ಹಾಗೆ.

ಕೂಗಿದೆ. ವಾರ್ಡೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ. ಯಾಕ, ಯಾಕ ತಿನ್ನಲಿಲ್ಲ?

ಅವಳು ಕಣ್ಣು ಅಗಲಿಸಿ ನೋಡಿದಳು. ತಪ್ಪು ಮಾಡಿದ ಮುಖ, ಆ ಹಿತ್ತಲಲ್ಲಿ ಬಟ್ಟಲು ಸರಿಸಿದ ಮುಖ. "ನೀವು ಉಂಡಿಲ್ಲಲ್ರೀ... ಬರೀ ನನಗ ಕೊಡ್ತೀರಿ. ನಿಮಗ ಬ್ಯಾನಿ ಅದ. ಗುಳಿಗಿ ನಿಮಗ ಬೇಕಲ್ಲ. ನೀವು ಉಂಡ ಮ್ಯಾಲ ಉಣ್ಣತೀನಿ ತಗೋರಿ."

ಹೊರಗೆ ಬಂದು ಗೋಡೆಗೆ ತಲೆ ಕೊಟ್ಟು ಅತ್ತೆ. ಬಾಯಿ ಬಿಟ್ಟು ಅತ್ತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಬಾಯಿಗೆ ಹೋಗದ ಹಾಗೆ ಕಲಿಸಿದವರು ನಾವು.

ಡಾಕ್ಟರಮ್ಮ ಬಂದರು. ಸೂಜಿ ಚುಚ್ಚಿದರು. "ಸೂಜಿ ನಾ ಕೊಡ್ತೀನಿ. ಸೂಜಿಲೆ ಹೊಟ್ಟಿ ತುಂಬಂಗಿಲ್ಲ. ಇವರು ಬಾಯಾರ ತಿನ್ನಬೇಕು ಹನುಮಂತ್ರಾಯರ. ಇನ್ನ ಹೊತ್ತಿಲ್ಲ."

ತುತ್ತು ಕಲಸಿ ನಾನೇ ಬಾಯಿಗೆ ಇಡಲು ಹೋದೆ. ಹಲ್ಲು ಕಚ್ಚಿದಳು. ಗಂಡನ ಕೈಯಿಂದ ಉಣ್ಣುವುದೇ, ಅದೂ ಗಂಡ ಉಪವಾಸ ಇರುವಾಗ. ನರ್ಸಮ್ಮ ಇಟ್ಟಳು, ಉಗುಳಿದಳು. ಬೈದೆ, ಕಾಲು ಹಿಡಿದೆ. ಕಾಲು ಹಿಡಿದದ್ದಕ್ಕೆ ಹೆದರಿ ಗೋಡೆಗೆ ಸರಿದಳು.

೧೮ ಮಾರ್ಚ್, ಮಧ್ಯಾಹ್ನ

ಬೆಳಿಗ್ಗೆಯಿಂದ ಒಂದು ಹನಿಯೂ ಹೋಗಿಲ್ಲ. ತುಟಿ ಬಿಳಿಚಿದೆ. ಸುಮ್ಮನೆ ಕೂತು ಯೋಚಿಸಿದೆ. ಅವಳನ್ನು ಬದಲಿಸಲು ಈಗ ಹೊತ್ತಿಲ್ಲ. ಅವಳು ನಡೆಯುವ ದಾರಿಯಲ್ಲೇ ಊಟ ಇಡಬೇಕು.

ಮನೆಯ ತಾಟು ಇಲ್ಲೇ ಇತ್ತು, ಅವ್ವ ಬುತ್ತಿ ತಂದಾಗ ಬಿಟ್ಟು ಹೋದದ್ದು. ಕಂಚಿನದು. ನನ್ನದು. ತೀನ್ ಕಂದೀಲ್ ಹತ್ತಿರದ ಹೋಟೆಲಿನಿಂದ ಅನ್ನ ತಂದೆ — ಹೌದು, ಅನ್ನ — ಗಟ್ಟಿ ಬೇಳೆ, ಎರಡು ತತ್ತಿ, ಹಾಲು. ಗುಳಿಗೆ ಪುಡಿ ಮಾಡಿ ಹಾಲಿಗೆ ಕಲಸಿದೆ. ಮಂಚದ ಪಕ್ಕ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ. ಮನೆಯಲ್ಲಿ ಕೂಡುವ ಹಾಗೆ. ಜೋರಾಗಿ, "ಅಯ್ಯಮ್ಮಾ, ಉಣಾಕ ಕುಂತೀನಿ," ಎಂದೆ.

ಕಣ್ಣು ತೆರೆದಳು. ನೋಡುತ್ತಿದ್ದಳು. ಉಂಡೆ. ನಾಲ್ಕು ತುತ್ತು. ಒಂದು ತತ್ತಿಯ ಚೂರು. ಹಾಲು ಒಂದು ಗುಟುಕು. ಬೇಳೆ ಕಲಸಿದ ಅನ್ನವನ್ನು ಒಂದು ಬದಿಗೆ ಸರಿಸಿದೆ. ಬೆರಳಿನಿಂದ ಒರೆಸಲಿಲ್ಲ.

ತೇಗು ತಂದುಕೊಂಡೆ.

"ಊಟ ಆತೇನ್ರಿ?" ದನಿ ಹುಳು ಹರಿದಷ್ಟು ಸಣ್ಣ.

"ಆತು."

"ಹೊಟ್ಟಿ ತುಂಬ್ತಾ?"

"ತುಂಬ್ತು. ಹೆಚ್ಚಾತು. ಉಳದದ ನೋಡು."

"ಯಾಕ ಬಿಟ್ರಿ? ನೀವು ಎಂದೂ ಬಿಡಂಗಿಲ್ಲಲ್ಲ."

ತಾಟು, ಹಾಲಿನ ಲೋಟ ಎತ್ತಿ ಮಂಚದ ಮೇಲೆ, ಅವಳ ಕೈಗೆ ಎಟಕುವಲ್ಲಿ ಇಟ್ಟೆ. ನರ್ಸಮ್ಮ ದಿಂಬು ಏರಿಸಿ ಕೂಡಿಸಿದಳು. ಎದ್ದೆ. "ನಾ ಹೊರಗ ಅದೀನಿ. ತಾಟು ತೊಳದು ಇಡು," ಎಂದೆ. ಮನೆಯಲ್ಲಿ ಹೇಳುವ ಹಾಗೇ ಹೇಳಿದೆ.

ವರಾಂಡದಲ್ಲಿ ಕೂತಿದ್ದೇನೆ, ಕಿಟಕಿಯ ಕೆಳಗೆ, ಬೆನ್ನು ಹಾಕಿ. ತಿರುಗಬಾರದು. ತಿರುಗಿದರೆ ಕೈ ತೆಗೆದುಬಿಡುತ್ತಾಳೆ. ಹದಿನಾರು ವರ್ಷ ನೋಡಲಿಲ್ಲ, ಈಗ ನೋಡಲು ಜೀವ ಬಡಿದುಕೊಳ್ಳುತ್ತಿದೆ, ಈಗ ನೋಡುವ ಹಾಗಿಲ್ಲ. ಕೈಗೆ ಕೆಲಸ ಬೇಕೆಂದು ಬರೆಯುತ್ತಿದ್ದೇನೆ.

ಒಳಗೆ ಏನೂ ಇಲ್ಲ. ಯಾರದೋ ಕೆಮ್ಮು. ಫ್ಯಾನು.

ಬಳೆ ಸಪ್ಪಳ.

ತಾಟು ಸರಿಯಿತು, ಕಬ್ಬಿಣದ ಮಂಚಕ್ಕೆ ತಾಕಿ. ನಿಂತಿತು. ಮತ್ತೆ ಸೆರಗಿಗೆ ಕಟ್ಟುತ್ತಿದ್ದಾಳೋ ಏನೋ. ಇಲ್ಲ, ಸೆರಗಿನ ತುದಿ ನರ್ಸಮ್ಮ ಬೆನ್ನ ಹಿಂದೆ ಸಿಕ್ಕಿಸಿದ್ದಾಳೆ.

ಬಳೆ. ಮತ್ತೆ ಬಳೆ. ಅಗಿಯುವ ಸಪ್ಪಳ. ಅವಳು ಉಣ್ಣುತ್ತಿದ್ದಾಳೆ.